ಹಿಮ್ಮಡಿಗೆ ಗೊತ್ತಿದ್ದ ಕಡಲು

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಕಡಲತೀರದ ಉದ್ಯಾನದ ಗೇಟು ತೆರೆಯಲು ಇನ್ನೂ ಎರಡೂವರೆ ಗಂಟೆಗೂ ಹೆಚ್ಚು ಸಮಯವಿದೆ. ಜೋಕಾಲಿಗಳು ಇಬ್ಬನಿಗೆ ಒದ್ದೆಯಾಗಿವೆ, ಐಸ್‌ಕ್ರೀಮ್ ಗಾಡಿಗೆ ಹೊದಿಸಿದ ಟಾರ್ಪಾಲು ಇನ್ನೂ ತೆಗೆದಿಲ್ಲ. ಸೊಂಟಮಟ್ಟದ ನೀರಿನಲ್ಲಿ ಐವತ್ತೈದು ವರ್ಷದ ಹೆಂಗಸೊಬ್ಬರು ಉದ್ದನೆಯ ಬಿದಿರುಕೋಲು ಹಿಡಿದು ನಿಂತಿದ್ದಾರೆ. ಮಂಡಿಯವರೆಗಿನ ಚಡ್ಡಿ, ತುಂಬುತೋಳಿನ ಹಳೆಯ ಅಂಗಿ, ತಲೆಗೆ ಬಿಗಿದು ಕಟ್ಟಿದ ಟವೆಲ್ಲು. ಸಿಬ್ಬಂದಿಗೆಲ್ಲ ಅವರು ಕೋಲಕ್ಕ. ಹಾಜರಿ ಪುಸ್ತಕದ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲವಂತೆ.

ಆದರೆ ಈ ಶನಿವಾರ ಕೋಲಕ್ಕ ಮುಂದೆ ನಡೆಯುತ್ತಿಲ್ಲ. ಅವರಿಗಿಂತ ಹತ್ತು ಹೆಜ್ಜೆ ಮುಂದೆ, ತೀರದ ಕಸ ಬಾಚುವ ಟ್ರ್ಯಾಕ್ಟರಿನ ಚಾಲಕ, ಐವತ್ತರ ದಢೂತಿ ಆಸಾಮಿ, ಹೆಜ್ಜೆಗೊಮ್ಮೆ ಮುಖ ಕಿವಿಚುತ್ತಾ, ನಗು ತಡೆಯುತ್ತಾ ಸಾಗುತ್ತಿದ್ದಾರೆ.

“ನಗಬೇಡ. ನೆಲ ನೋಡು,” ಎನ್ನುತ್ತಾರೆ ಕೋಲಕ್ಕ.

“ಈ ಕತ್ತಲಲ್ಲಿ ನೆಲ ಎಲ್ಲಿ ಕಾಣುತ್ತೆ ಅಕ್ಕಾ?”

“ಕಣ್ಣಲ್ಲಿ ನೋಡು ಅಂತ ನಾನು ಯಾವಾಗ ಹೇಳಿದೆ?”

ತೀರವೇನೋ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ನೀರಿನ ಕೆಳಗಿನ ನೆಲ ಮಾತ್ರ ಒಂದು ರಾತ್ರಿಯೂ ಸುಮ್ಮನಿರುವುದಿಲ್ಲ. ನಿನ್ನೆ ಮಗುವೊಂದು ಮಂಡಿಯುದ್ದದ ನೀರಿನಲ್ಲಿ ಕುಣಿದ ಜಾಗದಲ್ಲಿ ಇಂದು ಆಳೆತ್ತರದ ಗುಂಡಿ ಬಿದ್ದಿರಬಹುದು. ಹಾಗಾಗಿ ಯಾರಾದರೊಬ್ಬರು ದಿನವೂ ನಸುಕಿನಲ್ಲಿ ನೀರಿಗಿಳಿದು, ಮುನ್ನೂರು ಹೆಜ್ಜೆ ಉದ್ದಕ್ಕೆ ಐದು ಸಾಲು ನಡೆದು, ಸಂಸಾರಸ್ಥರು ಮಕ್ಕಳನ್ನು ಇಳಿಸಬಹುದಾದ ಜಾಗದ ಸುತ್ತ ಹದಿನಾಲ್ಕು ಬಿಳಿ ಬಾವುಟ ನೆಡಬೇಕು. ಗುಂಡಿಯಿದ್ದಲ್ಲಿ ಕೆಂಪು ಬಾವುಟ. ಇಪ್ಪತ್ತೊಂಬತ್ತು ವರ್ಷಗಳಿಂದ ಆ ‘ಯಾರಾದರೊಬ್ಬರು’ ಎಂದರೆ ಕೋಲಕ್ಕ. ಇಳಿತದ ವೇಳೆ ದಿನದಿನಕ್ಕೂ ಮುಂದೆ ಸರಿಯುತ್ತದೆ, ಗೇಟು ತೆರೆಯುವ ವೇಳೆ ಸರಿಯುವುದಿಲ್ಲ. ಕೆಲವು ದಿನ ಅವರು ಕುತ್ತಿಗೆಮಟ್ಟದ ನೀರಿನಲ್ಲೇ ಐದೂ ಸಾಲು ಮುಗಿಸಿದ್ದಾರೆ.

ಗುಂಡಿ ಹುಡುಕಲು ಕೋಲು ಸಾಕು. ಕೋಲಿಗೆ ಸಿಗದಿರುವುದು ‘ಹುಸಿನೆಲ’. ಅದು ಕೋಲಕ್ಕನದೇ ಮಾತು. ನಿನ್ನೆಯ ಗುಂಡಿಯನ್ನು ರಾತ್ರಿಯ ಅಲೆಗಳು ಸಡಿಲ ಮರಳಿನಿಂದ ತುಂಬಿ ಹೋಗಿರುತ್ತವೆ. ಕೋಲು ಚುಚ್ಚಿದರೆ ನೆಲ ಗಟ್ಟಿಯಾಗಿಯೇ ಇರುತ್ತದೆ, ಮೈಭಾರ ಬಿದ್ದರೆ ಕುಸಿಯುತ್ತದೆ. “ಹಿಮ್ಮಡಿ ಊರಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಳ್ಳೇ ನೆಲ ಆದ್ರೆ ಮರಳು ಸುಮ್ಮನೆ ಕೂತಿರುತ್ತೆ. ಹುಸಿನೆಲ ಹತ್ರ ಇದ್ರೆ ಮೂರು ಹೆಜ್ಜೆ ದೂರದಿಂದಲೇ ಕಾಲ ಕೆಳಗೆ ಸಣ್ಣಗೆ ಓಡೋಕೆ ಶುರುವಾಗುತ್ತೆ. ಅಷ್ಟೇ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ,” ಎನ್ನುತ್ತಾರೆ. ಆ ಸಣ್ಣ ವಿದ್ಯೆ ಉದ್ಯಾನದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ ಎಂಬುದೇ ಈಗಿನ ಫಜೀತಿ.

ವಾರದ ದಿನಗಳಲ್ಲಿ ಆರುನೂರು ಜನ, ಭಾನುವಾರ ನಾಲ್ಕು ಸಾವಿರ. ಬಕೆಟ್ಟು, ಚೆಂಡು, ಗಾಳಿ ತುಂಬಿದ ಬಾತುಕೋಳಿ, ಚಾಪೆ, ಅಜ್ಜಿಗೊಂದು ಮಡಿಚುವ ಕುರ್ಚಿ. ಮನೆಮಂದಿಯೆಲ್ಲ ಬರುತ್ತಾರೆ, ನೇರ ಬಿಳಿ ಬಾವುಟಗಳ ನಡುವೆ ನುಗ್ಗುತ್ತಾರೆ. ಆ ಬಾವುಟ ನೆಟ್ಟವರು ಯಾರೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೋಲಕ್ಕನನ್ನು ಅವರು ಮಾತನಾಡಿಸುವುದು ಒಂದೇ ಕಾರಣಕ್ಕೆ. “ಅಕ್ಕಾ, ನಮ್ಮದೆಲ್ಲಾರದ್ದೂ ಒಂದು ಫೋಟೋ ತೆಗೀತೀರಾ ಅಂತಾರೆ. ಎಷ್ಟು ಸಂಸಾರದ ಫೋಟೋ ತೆಗೆದಿದ್ದೀನೋ, ಲೆಕ್ಕ ಇಟ್ಟಿಲ್ಲ. ಯಾವುದರಲ್ಲೂ ನಾನಿಲ್ಲ ನೋಡಿ,” ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಐಸ್ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರ. ಇವರು ನಾಲ್ಕೂವರೆಗೆ ಎದ್ದು ಹೊರಟರೆ ಅವರು ಆರೂವರೆಗೆ ಬಂದು ಅದೇ ಮಂಚದಲ್ಲಿ ಮಲಗುತ್ತಾರೆ. ಇವರು ಮೂರಕ್ಕೆ ಮರಳುವಾಗ ಅವರಿಗೆ ಗಾಢ ನಿದ್ದೆ, ಎಬ್ಬಿಸುವುದು ನಾಲ್ಕಕ್ಕೆ, ಆರಕ್ಕೆ ಅವರು ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಾರೆ. ಗಂಡ ಹೆಂಡತಿ ಇಬ್ಬರೂ ಎಚ್ಚರವಿರುವುದು ದಿನಕ್ಕೆ ಎರಡು ಗಂಟೆ. ದೂರದ ಊರಿನಲ್ಲಿರುವ ಮಗಳಿಗೆ ಫೋನು ಮಾಡಲು ಪುರುಸೊತ್ತು ಸಿಗುವುದು ಭಾನುವಾರ, ಅಮ್ಮನಿಗೆ ಉಸಿರಾಡಲೂ ಬಿಡುವಿಲ್ಲದ ದಿನ. “ನಮ್ಮನೇಲಿ ಜಗಳಾನೇ ಇಲ್ಲ. ಜಗಳ ಆಡೋಕೆ ಇಬ್ಬರೂ ಇರಬೇಕಲ್ಲ,” ಎಂಬುದು ಕೋಲಕ್ಕನ ಹಳೆಯ ತಮಾಷೆ.

ಎಂಟು ತಿಂಗಳ ಹಿಂದೆ ಒಂದು ಸಂಜೆ ನಾಲ್ಕಕ್ಕೆ ಗಂಡ ತಾನಾಗಿಯೇ ಎದ್ದು ಕೂತರು. ಬಾಗಿಲಿನಿಂದ ಒಲೆಯವರೆಗೆ ನೆಲದ ಮೇಲೆ ಕೆಂಪು ಹೆಜ್ಜೆಗಳು. “ಕಾಲಿಗೆ ಏನಾಯ್ತೇ?” ಎಂದು ಕೇಳಿದರು. “ಯಾವ ಕಾಲಿಗೆ?” ಎಂದು ಕೋಲಕ್ಕ ತಿರುಗಿ ಕೇಳಿದರು. ಚಿಪ್ಪೊಂದು ಹಿಮ್ಮಡಿಯನ್ನು ಅರ್ಧ ಬೆರಳಿನಷ್ಟು ಆಳಕ್ಕೆ ಸೀಳಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಪಾದಗಳ ನರ ಜೋಮು ಹಿಡಿಯುತ್ತಿದೆ, ಗಾಯವಾಗದಂತೆ ನೋಡಿಕೊಳ್ಳಬೇಕು, ಹೋದ ಸ್ಪರ್ಶ ಮರಳುವ ಭರವಸೆಯಿಲ್ಲ. ಕೋಲಕ್ಕ ತಲೆಯಾಡಿಸಿ ಬಂದರು, ಕಚೇರಿಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಡಾಕ್ಟರು ದಪ್ಪ ಅಡಿಯ ಬೂಟು ಕೊಟ್ಟಿದ್ದರು, ಅದನ್ನು ಮಂಚದಡಿ ತಳ್ಳಿದರು. ಹೇಳಿದರೆ ನೀರಿನಿಂದ ಮೇಲೆತ್ತಿ ಎಲ್ಲಾದರೂ ಕೂರಿಸುತ್ತಾರೆ ಎಂಬ ಭಯ. ಹಿಮ್ಮಡಿ ಹೇಳದಿದ್ದನ್ನು ಕೋಲು ಹೇಳೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅದು ತಪ್ಪು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಎರಡು ತಿಂಗಳ ಹಿಂದಿನ ಭಾನುವಾರ, ಹತ್ತು ಗಂಟೆ. ಅಪ್ಪನೊಬ್ಬ ಮಗಳ ಕೈಹಿಡಿದು ಬಿಳಿ ಬಾವುಟಗಳ ಒಳಗೆ, ಸರಿಯಾಗಿ ಒಳಗೆ, ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಎದೆಮಟ್ಟ ಕುಸಿದ. ಮಗು ತಲೆಯವರೆಗೂ ಮುಳುಗಿ, ಅಪ್ಪನ ಕೈ ಜಗ್ಗಿದ್ದಕ್ಕೆ ಮೇಲೆ ಬಂತು. ಇಬ್ಬರೂ ಕೆಮ್ಮಿದರು, ಆಮೇಲೆ ನಕ್ಕರು. ಅವರಿಗೆ ಅದೂ ಕಡಲಿನ ಒಂದು ಆಟ. ಬೆಳಿಗ್ಗೆ ಕೋಲಕ್ಕ ನಡೆದಿದ್ದು ಆ ಜಾಗದ ಎರಡು ಹೆಜ್ಜೆ ಪಕ್ಕದಲ್ಲೇ. ಓಡಿಹೋಗಿ ಬಾವುಟಗಳನ್ನು ಕಿತ್ತು ದಡದ ಕಡೆಗೆ ಇಪ್ಪತ್ತು ಹೆಜ್ಜೆ ಹಿಂದೆ ನೆಟ್ಟರು. ಯಾಕೆ ಎಂದು ಯಾರೂ ಕೇಳಲಿಲ್ಲ. “ನಾನು ಸರಿಯಾಗಿ ಕೆಲಸ ಮಾಡಿದಾಗ್ಲೂ ಯಾರೂ ನೋಡಿರಲಿಲ್ಲ. ತಪ್ಪು ಮಾಡಿದಾಗ್ಲೂ ನೋಡಲಿಲ್ಲ. ಅವತ್ತಿನಷ್ಟು ಒಂಟಿ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.”

ಅಂದಿನ ವರದಿಯಲ್ಲಿ ಅವರೇ ಎಲ್ಲವನ್ನೂ ಬರೆದರು, ಕಾಯಿಲೆಯನ್ನೂ. ಉದ್ಯಾನದ ಮೇಲ್ವಿಚಾರಕರು ಓದಿ ತಲೆ ಕೆರೆದುಕೊಂಡರು. “ಯಾರಿಗೂ ಏನೂ ಆಗಿಲ್ವಲ್ಲಮ್ಮ, ಯಾಕೆ ಬರೆದ್ರಿ?”

“ಆಗೋಕೆ ಮುಂಚೆ ಬರೆಯೋದೇ ನನ್ನ ಕೆಲಸ ಅಲ್ವಾ ಸಾರ್?”

ಮೇಲ್ವಿಚಾರಕರು ಕೆಟ್ಟವರಲ್ಲ, ಉಪಾಯ ಬಲ್ಲವರು. ಒಂದೇ ವಾರದಲ್ಲಿ ಬಿಳಿ ಬಣ್ಣ ಬಳಿದ ಹದಿನಾಲ್ಕು ಸಿಮೆಂಟ್ ಕಂಬಗಳು ಶೆಡ್ಡಿನ ಹಿಂದೆ ಬಂದು ಬಿದ್ದವು. ಒಮ್ಮೆ ಹೂತರೆ ಶಾಶ್ವತ, ದಿನಾ ಯಾರೂ ನೀರಿಗಿಳಿಯಬೇಕಿಲ್ಲ. ಕೋಲಕ್ಕ ಹೌಹಾರಿದರು. ಗುಂಡಿ ಜಾಗ ಬಿಟ್ಟು ಓಡಾಡುವಾಗ ಕಂಬ ನಿಂತಲ್ಲೇ ನಿಂತು ಏನು ಮಾಡುತ್ತದೆ? ಕಂಬ ನಂಬಿ ಮಕ್ಕಳನ್ನು ಬಿಟ್ಟವರ ಗತಿ? ಹಟ ಹಿಡಿದು ಆರು ವಾರ ಗಡುವು ಪಡೆದರು. ಅಷ್ಟರಲ್ಲಿ ಇನ್ನೊಬ್ಬರು ಕಲಿತು ತೋರಿಸಬೇಕು, ಇಲ್ಲವಾದರೆ ಕಂಬ. ಅಲ್ಲಿಯವರೆಗೆ ಮಂಡಿಮಟ್ಟದ ನೀರಿನಾಚೆ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಜೀವರಕ್ಷಕರು ತಮ್ಮದು ಮುಳುಗಿದವರನ್ನು ಎತ್ತುವ ಕೆಲಸ ಎಂದು ಜಾರಿಕೊಂಡರು. ತೋಟದವರು ನೆಗಡಿಯ ನೆಪ ಹೇಳಿದರು. ಕೊನೆಗೆ ಸಿಕ್ಕಿದ್ದು ಟ್ರ್ಯಾಕ್ಟರಿನವರು, ಅದೂ ಒಲ್ಲದ ಮನಸ್ಸಿನಿಂದ. “ಅಕ್ಕಾ, ನನಗೆ ಅಂಗಾಲಲ್ಲಿ ಭಾರೀ ಕಚಗುಳಿ. ಸಾಕ್ಸ್ ಹಾಕ್ಕೊಳ್ಳೋಕೂ ಆಗಲ್ಲ,” ಎಂದರಂತೆ. ಕೋಲಕ್ಕ ಅವರ ಕೈ ಗಟ್ಟಿಯಾಗಿ ಹಿಡಿದು, “ಅಂಥ ಕಾಲೇ ಬೇಕಾಗಿರೋದು, ಬಾ,” ಎಂದರು.

ಇಂದು ಗಡುವಿನ ಕೊನೆಯ ದಿನ. ಏಳು ಗಂಟೆಗೆ ಮೇಲ್ವಿಚಾರಕರು ಬರುತ್ತಾರೆ. ನೀರಿಗಿಳಿಯಲು ಪ್ಯಾಂಟು ಮಡಿಚಿದ್ದು ವ್ಯರ್ಥವಾಗಿ ಸೊಂಟದವರೆಗೂ ನೆನೆದಿದ್ದಾರೆ. ಚಾಲಕರು ಮೂರು ಸಾಲು ಮುಗಿಸಿ ನಾಲ್ಕನೆಯದರ ನಡುವೆ ಗಕ್ಕನೆ ನಿಲ್ಲುತ್ತಾರೆ. ಮುಖದಲ್ಲಿ ನಗುವಿಲ್ಲ. “ಇಲ್ಲಿ ಬೇಡ. ಕಾಲ ಕೆಳಗೆ ಓಡ್ತಿದೆ.”

ಮೇಲ್ವಿಚಾರಕರು ಕೋಲು ಇಸಿದುಕೊಂಡು ಮುಂದೆ ಚುಚ್ಚುತ್ತಾರೆ. ಒಮ್ಮೆ, ಎರಡು ಸಲ, ಮೂರು ಸಲ. “ನೆಲ ಗಟ್ಟಿ ಇದೆಯಲ್ಲ ಮಾರಾಯ. ಸುಮ್ಮನೆ ಅಂದಾಜಿನಲ್ಲಿ ಹೇಳ್ತಿದ್ದೀಯಾ?” ಚಾಲಕರು ಕೋಲಕ್ಕನ ಮುಖ ನೋಡುತ್ತಾರೆ. ಮೇಲ್ವಿಚಾರಕರೂ ನೋಡುತ್ತಾರೆ. ಕೋಲಕ್ಕ ಹಿಮ್ಮಡಿ ಊರಿ ನಿಲ್ಲುತ್ತಾರೆ, ಕಣ್ಣು ಮುಚ್ಚುತ್ತಾರೆ. ಕೆಳಗಿನಿಂದ ಯಾವ ಸುದ್ದಿಯೂ ಇಲ್ಲ.

“ನನಗೆ ಗೊತ್ತಾಗ್ತಿಲ್ಲ ಸಾರ್,” ಎನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಈ ನೀರಿನಲ್ಲಿ ನಿಂತು ಅವರು ಆ ಮಾತು ಹೇಳಿದ್ದು ಇದೇ ಮೊದಲು.

ಆಮೇಲೆ ಅವರು ಯಾರನ್ನೂ ಕೇಳದೆ ಚಾಲಕರನ್ನು ದಾಟಿ ಮುಂದೆ ನಡೆಯುತ್ತಾರೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಆಳು ಇಲ್ಲ. ಟವೆಲ್ಲು ಮಾತ್ರ ನೀರಿನ ಮೇಲೆ ತೇಲುತ್ತಿದೆ. ಮೇಲ್ವಿಚಾರಕರು ಕೂಗಿಕೊಳ್ಳುತ್ತಾರೆ, ಚಾಲಕರು ಅವರ ಕೈಯಿಂದ ಕೋಲು ಕಸಿದು ಚಾಚುತ್ತಾರೆ. ಕೋಲಕ್ಕ ಅದರ ತುದಿ ಹಿಡಿದು ಮೇಲೆ ಬರುತ್ತಾರೆ, ಉಪ್ಪುನೀರು ಉಗುಳುತ್ತಾರೆ, ಉಸಿರು ಸುಧಾರಿಸಿಕೊಳ್ಳುತ್ತಾರೆ.

“ಇವನು ಹೇಳಿದ್ದು ಸರಿ ಸಾರ್. ಕೆಂಪು ಬಾವುಟ ಕೊಡಿ.”

ಕಂಬಗಳನ್ನು ಸೋಮವಾರ ಲಾರಿ ಬಂದು ಹಿಂದಕ್ಕೆ ಒಯ್ಯಲಿದೆ. ಕೋಲಕ್ಕ ಗೆದ್ದಿದ್ದಾರೆ, ಗೆದ್ದ ಕ್ಷಣದಿಂದಲೇ ನೀರಿನಿಂದ ಹೊರಗಿದ್ದಾರೆ. ದಡದಲ್ಲಿ ಒಬ್ಬರೇ ಕೂತು ಅಂಗಿ ಹಿಂಡಿಕೊಳ್ಳುತ್ತಾ ಹೇಳುತ್ತಾರೆ: “ಗುಂಡಿಗೆ ಬಿದ್ದಾಗ ಭಯ ಆಗಲಿಲ್ಲ. ಇವನು ಹೇಳಿದ್ದು ಸರಿ ಅಂದೆನಲ್ಲ, ಆಗ ಆಯ್ತು. ಇನ್ಮೇಲೆ ನಾನು ಬೇಡ ಅಂತ ನನ್ನ ಬಾಯಿಂದಲೇ ಹೇಳಿದ ಹಾಗಾಯ್ತಲ್ಲ.”

ಎಂಟು ಗಂಟೆಯಿಂದ ಅವರ ಹೊಸ ಜಾಗ ಗೇಟಿನ ಪಕ್ಕದ ಚಪ್ಪಲಿ ಕೌಂಟರು. ಮರಳಿಗೆ ಬರಿಗಾಲಿನಲ್ಲೇ ಹೋಗಬೇಕೆಂಬ ನಿಯಮವಿರುವುದರಿಂದ ಎಲ್ಲರೂ ಇಲ್ಲಿ ಚಪ್ಪಲಿ ಬಿಟ್ಟು ಟೋಕನ್ ಪಡೆಯುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಗಂಡನೊಂದಿಗಿನ ಎರಡು ಗಂಟೆ ಇನ್ನು ಬೆಳಗಿನ ಮುಕ್ಕಾಲು ಗಂಟೆಗೆ ಇಳಿಯಲಿದೆ. ಕೌಂಟರಿನಿಂದ ಕಡಲು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ದಿನವಿಡೀ ಅವರು ಟೋಕನ್ ಕೊಡುತ್ತಾರೆ, ಯಾರಾದರೂ ಕೂಗಿದರೆ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ.

ಮುಚ್ಚುವ ಹೊತ್ತಿಗೆ ಕಪಾಟಿನಲ್ಲಿ ಒಂದು ಜೊತೆ ಉಳಿದಿದೆ. ಅಂಗೈಯಗಲದ, ನೀಲಿ ಬಣ್ಣದ ಪುಟ್ಟ ಚಪ್ಪಲಿ. ಕೋಲಕ್ಕ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಗೇಟಿನವರೆಗೆ ಹೋಗುತ್ತಾರೆ, ಮರಳಿನ ಕಡೆ ನೋಡುತ್ತಾರೆ, ಚಾಲಕರನ್ನು ಕೂಗಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ವಾಹನ ನಿಲ್ದಾಣದ ಕಡೆಯಿಂದ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಓಡಿಬರುತ್ತಾಳೆ. ಮಗು ಆಟವಾಡಿ ಸುಸ್ತಾಗಿ ಅಪ್ಪನ ಹೆಗಲ ಮೇಲೇ ನಿದ್ದೆ ಹೋಯಿತಂತೆ, ಕಾರಿನಲ್ಲಿ ಮಲಗಿಸಿದ ಮೇಲೆ ಚಪ್ಪಲಿ ನೆನಪಾಯಿತಂತೆ. ಕೋಲಕ್ಕ ಚಪ್ಪಲಿಯ ಧೂಳು ಕೊಡವಿ ಅವಳ ಕೈಗಿಡುತ್ತಾರೆ.

ಕಪಾಟು ಖಾಲಿಯಾಗಿದೆ. ಅವರು ಬೀಗ ಹಾಕದೆ ಅದನ್ನೇ ನೋಡುತ್ತಾ ನಿಂತಿದ್ದಾರೆ.

“ನಾನು ಯಾವಾಗಲೂ ಮೂರಕ್ಕೇ ಮನೆಗೆ ಹೋಗ್ತಿದ್ದೆನಲ್ಲ,” ಎನ್ನುತ್ತಾರೆ. “ಬಂದೋರೆಲ್ಲಾ ವಾಪಸ್ ಹೋಗಿದ್ದನ್ನ ಇವತ್ತೇ ಕಣ್ಣಾರೆ ನೋಡಿದ್ದು.”