ದೇವರ ಹೆಸರಿಲ್ಲದ ದೂರು

ಕೊರೊನಾ ಮುಗಿದ ಮರುವರ್ಷ ನಾನು ಗದಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ಉಸ್ತುವಾರಿಯಾಗಿದ್ದೆ. ವೈಫೈ ಕೈಕೊಟ್ಟರೂ ಪ್ರಾಚಾರ್ಯರ ಪ್ರಿಂಟರ್ ಮುನಿಸಿಕೊಂಡರೂ ನನಗೇ ಕರೆ. ಇಂಥ ಕೆಲಸದವರಿಗೆ ಹೊಸ ಸಾಧನ ಕಂಡರೆ ಬಿಚ್ಚಿ ನೋಡುವ ಚಟ ಅಂಟಿಕೊಳ್ಳುತ್ತದೆ. ನನಗದು ಸ್ವಲ್ಪ ಇತ್ತು. ಹೆಂಡತಿಯ ಪ್ರಕಾರ ವಿಪರೀತ.

ಒಂದು ಭಾನುವಾರ ಬೆಟಗೇರಿಯ ನಮ್ಮ ಮನೆಗೆ ಈರಪ್ಪ ಬಂದರು. ಅವರು ನಮ್ಮ ಕಾಲೇಜಿನ ಗ್ರಂಥಪಾಲಕಿಯ ಗಂಡ, ಲಕ್ಷ್ಮೇಶ್ವರದ ಹೊರವಲಯದ ಎಣ್ಣೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಬಾಯ್ಲರ್‌ನಲ್ಲಿ ಒತ್ತಡ ಮೀರಿದಾಗ ಉಗಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್‌ಗೆ ತಂತಿ ಸುತ್ತಿ ಬಿಗಿದಿದ್ದರು. ಉಗಿ ಹೋದಾಗಲೆಲ್ಲ ಕೆಲಸ ನಿಲ್ಲುತ್ತದೆಂದು ಮಾಲೀಕರೇ ಕಟ್ಟಿಸಿದ್ದಂತೆ. ಬಾಯ್ಲರ್ ಸಿಡಿದರೆ ಸುತ್ತ ದುಡಿಯುವವರ ಗತಿಯೇನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹಿಂದೆ ಇನ್ನೊಬ್ಬ ಸೂಪರ್‌ವೈಸರ್ ಇದೇ ದೂರು ಬರೆದಿದ್ದರು. ಬರೆದವರು ಯಾರೆಂಬುದು ಮಾಲೀಕರ ಕಿವಿಗೆ ಬಿದ್ದು ಅವರ ಕೆಲಸ ಹೋಯಿತು, ತಂತಿ ಅಲ್ಲೇ ಉಳಿಯಿತು.

“ಸರ, ಖಬರ ಮುಟ್ಟಬೇಕು, ನನ್ನ ಹೆಸರ ಮುಟ್ಟಬಾರದು. ಅಂಥಾದ್ದೇನರ ಐತೇನ್ರಿ?” ಎಂದು ಈರಪ್ಪ ಕೇಳಿದರು.

ಇತ್ತು. ಬೆಂಗಳೂರಿನಲ್ಲಿ ಕಾರ್ಮಿಕರ ಸುರಕ್ಷತೆಗೆ ದುಡಿಯುವ ಸಂಸ್ಥೆಯೊಂದು ಇಂಥ ದೂರುಗಳನ್ನು ಇದ್ದಂತೆಯೇ ಬಾಯ್ಲರ್ ಇಲಾಖೆಗೆ ಮುಟ್ಟಿಸುತ್ತಿತ್ತು. ಕಡತ ಕಳಿಸಲು ಅವರದೇ ಒಂದು ಪುಟ್ಟ ಪ್ರೋಗ್ರಾಂ. ಆದರೆ ಅದು ಹೋಗುವುದು ನೇರ ದಾರಿಯಲ್ಲಿ. ನಮ್ಮ ಇಂಟರ್‌ನೆಟ್ ವಿಳಾಸ, ಅಂದರೆ ಐಪಿ ಅಡ್ರೆಸ್, ಆ ಕಡೆ ಕಾಣಿಸಿಬಿಡುತ್ತದೆ. ಅದನ್ನು ಮರೆಮಾಡಲು ಟಾರ್ ಎಂಬ ಜಾಲವಿದೆ. ಕಳಿಸಿದ್ದು ಮೂರು ಅಪರಿಚಿತ ಕಂಪ್ಯೂಟರುಗಳನ್ನು ದಾಟಿ ಹೋಗುತ್ತದೆ. ಪ್ರತಿಯೊಂದಕ್ಕೂ ತನ್ನ ಹಿಂದಿನದು, ಮುಂದಿನದು ಮಾತ್ರ ಗೊತ್ತು, ಪೂರ್ತಿ ದಾರಿ ಯಾವುದಕ್ಕೂ ಗೊತ್ತಿಲ್ಲ. ಟಾರ್ ಅರಿಯದ ಪ್ರೋಗ್ರಾಮನ್ನು ಆ ದಾರಿಗೆ ತಿರುಗಿಸುವ ಸಾಧನ ಟಾರ್‌ಸಾಕ್ಸ್. ಅದರ ಬಗ್ಗೆ ಓದಿದ್ದೆ, ಬಳಸಿರಲಿಲ್ಲ. ಈರಪ್ಪನವರ ಮುಖ ಬಾಡಿದ್ದರೂ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮೊದಲ ಯತ್ನಕ್ಕೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಉತ್ತರ ಬಂತು. ಹುಡುಕುತ್ತ ಹೋದರೆ ಕಾರಣ ಸರಳ. ಕಂಪ್ಯೂಟರಿನೊಳಗೆ ಒಂದೊಂದು ಸೇವೆಗೆ ಒಂದೊಂದು ಪೋರ್ಟ್, ಅಂದರೆ ಬಾಗಿಲ ಸಂಖ್ಯೆ. ನಾನು ತೆರೆದಿಟ್ಟಿದ್ದು ಟಾರ್ ಬ್ರೌಸರ್, ಅದರ ಬಾಗಿಲು 9150. ಟಾರ್‌ಸಾಕ್ಸ್ ಬಡಿಯುತ್ತಿದ್ದುದು 9050. ಕಾನ್ಫಿಗರೇಷನ್ ಫೈಲಿನಲ್ಲಿ ಒಂದು ಅಂಕಿ ತಿದ್ದಿದೆ, ಬಾಗಿಲು ತೆರೆಯಿತು. ಇನ್ನು ಹೆಸರಿನಿಂದ ವಿಳಾಸ ಪತ್ತೆಮಾಡುವ ಡಿಎನ್‌ಎಸ್ ವಿಚಾರಣೆಯೂ ಟಾರ್ ಒಳಗಿಂದಲೇ ಹೋಗಬೇಕು. ಇಲ್ಲದಿದ್ದರೆ ಗುಟ್ಟಾಗಿ ಒಬ್ಬರ ಮನೆಗೆ ಹೊರಟವನು ಓಣಿಯಲ್ಲಿ ನಿಂತು ಆ ಮನೆ ಯಾವುದೆಂದು ಕೂಗಿ ಕೇಳಿದ ಹಾಗೆ. ಅದನ್ನೂ ಖಚಿತ ಮಾಡಿಕೊಂಡೆ. ಕೊನೆಗೆ ನಾವು ಎಲ್ಲಿದ್ದೇವೆಂದು ಪರೀಕ್ಷಿಸಿದಾಗ ನೇರ ದಾರಿಯಲ್ಲಿ ಕರ್ನಾಟಕ, ಟಾರ್‌ಸಾಕ್ಸ್ ಮೂಲಕ ಜರ್ಮನಿ. ಈರಪ್ಪ ಅಂದು ಮೊದಲ ಸಲ ನಕ್ಕರು.

ವಿಡಿಯೋದಲ್ಲಿ ಅವರು ಕೆಮ್ಮಿದ್ದು ಕೇಳಿಸುತ್ತಿತ್ತು. ಧ್ವನಿ ತೆಗೆದೆ, ಕಡತದೊಳಗೆ ಅಡಗಿದ್ದ ಫೋನಿನ ಗುರುತುಗಳನ್ನು ಅಳಿಸಿದೆ. ಬೀಗುತ್ತಲೇ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ದೂರು ಟೈಪ್ ಮಾಡಲು ಹೇಳಿದೆ. ಮುಗಿಸಿ ಕೊಟ್ಟಾಗ ಮೊದಲ ಸಾಲು ನೋಡಿ ಬೆವರಿದೆ: ‘ಶ್ರೀ ಕಪ್ಪತಮಲ್ಲಯ್ಯ ಪ್ರಸನ್ನ’.

ನಮ್ಮ ಕಡೆ ಲಗ್ನಪತ್ರಿಕೆಯಿಂದ ಕಿರಾಣಿ ಚೀಟಿಯವರೆಗೆ ಏನೇ ಬರೆದರೂ ಮೇಲೆ ಮನೆದೇವರ ಹೆಸರು ಬೀಳಲೇಬೇಕು, ಕೈ ತಾನಾಗಿ ಬರೆದುಬಿಡುತ್ತದೆ. ಮಲ್ಲಯ್ಯ ಕಪ್ಪತಗುಡ್ಡದ ದೇವರು. ಆ ಕಾರ್ಖಾನೆಯಲ್ಲಿ ಗುಡ್ಡದ ಕಡೆಯವರೆಂದರೆ ಈರಪ್ಪ ಒಬ್ಬರೇ. ಐಪಿ ಅಡ್ರೆಸ್ ಜರ್ಮನಿಯಲ್ಲಿ, ಮನೆದೇವರು ಮುಂಡರಗಿ ತಾಲ್ಲೂಕಿನಲ್ಲಿ!

ಆ ಸಾಲು ಅಳಿಸಿ ಎಂದೆ. ಅವರು ಕೀಬೋರ್ಡಿನಿಂದ ಕೈ ತೆಗೆದರು.

“ಅದೊಂದ ಆಗೂದಿಲ್ರಿ ಸರ. ಅವನ ಹೆಸರ ಇಲ್ಲದ ನಾ ಏನೂ ಬರದಾಂವಲ್ಲ. ಒಳ್ಳೇ ಕೆಲಸಕ್ಕ ಹೊಂಟಾಗ ಅವನ್ನ ಬಿಟ್ಟು ಹೋಗ್ಲೇನ್ರಿ?”

ನನಗೆ ಸಿಟ್ಟು ಬಂತು. ಹಾಗಾದರೆ ಕೆಳಗೆ ನಿಮ್ಮ ಹೆಸರನ್ನೂ ಹಾಕಿಬಿಡಿ ಎಂದುಬಿಟ್ಟೆ. ಅವರು ಕಣ್ಣು ಮುಚ್ಚಿ ಮಲ್ಲಯ್ಯನ ಹೆಸರನ್ನು ಬಾಯಿಬಿಟ್ಟು ಹೇಳಿದರು. ಸಾಲನ್ನು ತಾವೇ ಒಂದೊಂದೇ ಅಕ್ಷರವಾಗಿ ಅಳಿಸಿ, ಎಂಟರ್ ಒತ್ತಿದರು.

ಕೆಲವು ವಾರಗಳ ನಂತರ ಇಲಾಖೆಯ ಅಧಿಕಾರಿಗಳು ಹೇಳದೆ ಕೇಳದೆ ಕಾರ್ಖಾನೆಗೆ ಬಂದರು. ತಂತಿ ಬಿಚ್ಚಿಸಿದರು, ಹೊಸ ವಾಲ್ವ್ ಕೂರಿಸುವವರೆಗೆ ಬಾಯ್ಲರ್ ನಿಲ್ಲಿಸಿದರು. ಅವರು ಹೋದ ಮೇಲೆ ಮಾಲೀಕರು ಸೂಪರ್‌ವೈಸರುಗಳನ್ನೆಲ್ಲ ಕೂರಿಸಿಕೊಂಡು ಅಧಿಕಾರಿಗಳು ಕೊಟ್ಟುಹೋಗಿದ್ದ ದೂರಿನ ಪ್ರತಿಯನ್ನು ಓದಿಸಿದರಂತೆ, ಒಬ್ಬೊಬ್ಬರ ಮುಖವನ್ನೂ ನೋಡಿದರಂತೆ. ಕಡೆಗೆ ಕಾಗದದ ತಲೆಯ ಮೇಲೆ ಬೆರಳಿಟ್ಟು, “ಇದು ನಮ್ಮ ಮಂದಿ ಬರದದ್ದಲ್ಲ. ಮ್ಯಾಲ ದೇವರ ಹೆಸರ ಇಲ್ಲ. ಯಾವನೋ ದೇವರಿಲ್ಲದಾಂವ ಬರದಾನ” ಎಂದರಂತೆ. ಎಲ್ಲರೂ ಹೌದೆಂದರು.

ಈರಪ್ಪನವರೂ ಹೌದೆಂದರು. ಇದನ್ನು ನನಗೆ ಹೇಳುವಾಗ ಮಲ್ಲಯ್ಯನಿಗೆ ತಪ್ಪಾಯಿತೆಂದು ಕೈಮುಗಿದರು. ಅಲ್ಲಿಯವರೆಗೆ ಕೇಳುತ್ತಿದ್ದ ನನ್ನ ನಗು ನಿಂತಿತು. ವಿಳಾಸ ಮುಚ್ಚಿಡಲು ಒಂದು ಅಂಕಿ ತಿದ್ದಿದರೆ ಸಾಕಾಗಿತ್ತು. ಮನುಷ್ಯ ಹೆಸರಿಲ್ಲದವನಾಗಲು ಏನೇನು ಬಿಡಬೇಕಾಗುತ್ತದೆ ಎಂಬುದನ್ನು ನಾನು ಕಲಿತದ್ದು ಆವತ್ತು. ಈಗಲೂ ಯಾರಾದರೂ ಇಂಥ ಸಹಾಯ ಕೇಳಿ ಬಂದರೆ ಆ ಮಾತನ್ನು ಮೊದಲು ಹೇಳಿ, ಆಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ.