ಫಿರಂಗಿಗೆ ಇಟ್ಟ ಕುಂಕುಮ

ಕರಾವಳಿಯ ಬಸ್ರೂರಿನ ಭಾನುಮತಿ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಕೋವಿಡ್ ಮುಗಿದ ಮೇಲೆ ಸ್ಯಾನ್ ಡಿಯಾಗೋದ ಮಗಳು ರಂಜನಿಯ ಮನೆಗೆ ಬಂದರು. ಬಂದರಿನ ಪಕ್ಕದ ಪುಟ್ಟ ಹಡಗು ಮ್ಯೂಸಿಯಂನಲ್ಲಿ ಶನಿವಾರಗಳಂದು ವಿವರಣೆ ಕೊಡುವ ಕೆಲಸ ಹಿಡಿದರು. ಸಂಬಳವಿಲ್ಲ. ಆದರೆ ಕಾರು ಓಡಿಸಲು ಬಾರದೆ ವಾರವಿಡೀ ಗೋಡೆ ನೋಡುವ ಹೆಂಗಸಿಗೆ ಆ ಒಂದು ದಿನವೇ ಉಸಿರು. ಮೆಣಸಿಗಾಗಿ ಪೋರ್ಚುಗೀಸರೂ ಡಚ್ಚರೂ ನಮ್ಮ ಕಡಲಲ್ಲಿ ಹೊಡೆದಾಡಿದ್ದನ್ನು ಕುಸ್ತಿಯ ಕಾಮೆಂಟರಿಯಂತೆ ಹೇಳುತ್ತಿದ್ದರು. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆ ಸಲ ಆಯುಧಪೂಜೆ ಶನಿವಾರವೇ ಬಂತು. ಬೆಳಿಗ್ಗೆ ರಂಜನಿಯ ಕಾರಿಗೆ ಕುಂಕುಮವಿಟ್ಟ ಕೈ, ಮ್ಯೂಸಿಯಂನ ಡಚ್ ಫಿರಂಗಿಯ ಮುಂದೆ ಸುಮ್ಮನಿರಲಿಲ್ಲ. ಆಯುಧ ತಾನೇ! ಯಾರೂ ಇಲ್ಲದ್ದು ನೋಡಿ ಪರ್ಸಿನಿಂದ ಡಬ್ಬಿ ತೆಗೆದು, ಬೊಟ್ಟಿಟ್ಟು ಕೈಮುಗಿದರು. ಇತಿಹಾಸ ಕಲಿಸಿದವರಿಗೆ ಇಷ್ಟೂ ತಿಳಿಯಬೇಡವೇ, ಶತಮಾನಗಳಷ್ಟು ಹಳೆಯ ಕಂಚಿಗೆ ಕೈ ಹಚ್ಚಬಾರದೆಂದು!

ಸೋಮವಾರ ಮೇಲ್ವಿಚಾರಕಿ ಲಿಂಡಾಳ ಫೋನು ಬಂತು. ಕ್ಯಾಮೆರಾದಲ್ಲಿ ನೋಡಿದ್ದೇನೆ, ಶನಿವಾರ ಮಾತಾಡೋಣ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಭಾನುಮತಿಯವರಿಗೆ ಅನ್ನ ಸೇರಲಿಲ್ಲ. ಕಲೆ ಹೋಗದಿದ್ದರೆ? ಎಲ್ಲರ ಮುಂದೆ ಬ್ಯಾಡ್ಜ್ ಕಸಿದುಕೊಂಡರೆ? ಗ್ರೀನ್ ಕಾರ್ಡ್‌ಗೇ ಕುತ್ತು ಬಂದರೆ? ಒಗ್ಗರಣೆ ಎರಡು ಸಲ ಸೀದುಹೋಯಿತು.

"ಅಮ್ಮ, ಸಾರಿ ಹೇಳ್ಬಿಡಿ, ಮುಗೀತು," ಎಂದಳು ರಂಜನಿ.

"ಪೂಜೆ ಮಾಡಿದ್ದಕ್ಕೆ ಎಂಥ ಸಾರಿಯೇ?"

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಧೃತಿ ಹೋಮ್‌ವರ್ಕ್‌ನಿಂದ ತಲೆಯೆತ್ತಿದಳು. "ಬಟ್ ಅಜ್ಜಿ, ಆ ಗನ್ ನಮ್ಮ ಪೀಪಲ್ ಮೇಲೂ ಶೂಟ್ ಮಾಡಿರ್ಬೇಕಲ್ವಾ?"

ಇಷ್ಟು ವರ್ಷ ಪಾಠ ಮಾಡಿದ ಭಾನುಮತಿಯವರಿಗೆ ಎಂಟನೇ ಕ್ಲಾಸಿನ ಹುಡುಗಿ ಕೇಳಿದ್ದು ಹೊಳೆದಿರಲೇ ಇಲ್ಲ. ಆ ಕ್ಷಣದಿಂದ ಲಿಂಡಾ ಏನೆನ್ನುವಳೋ ಎಂಬ ಭಯಕ್ಕಿಂತ ಇದೇ ಹೆಚ್ಚು ಕಾಡಿತು.

ಶನಿವಾರ ಲಿಂಡಾ ಫಿರಂಗಿಯ ಪಕ್ಕದಲ್ಲೇ ಕಾದಿದ್ದಳು. ಕಲೆ ಹೋಗಿತ್ತು. "ಮುಂದಿನ ವರ್ಷವೂ ಹೀಗೆ ಮಾಡ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ," ಎಂದರು ಭಾನುಮತಿ.

ನಿಯಮ ಅರ್ಥವಾಯಿತೆಂದುಕೊಂಡು ಲಿಂಡಾ ನಕ್ಕು, ಕಾದಿದ್ದ ಜನರನ್ನು ಒಳಗೆ ಬಿಟ್ಟಳು. ಭಾನುಮತಿ ಎಂದಿನಂತೆ ಫಿರಂಗಿಯ ಮುಂದೆ ನಿಂತರು. ಪೋರ್ಚುಗೀಸರ ಹೆಸರನ್ನೂ ಎತ್ತಲಿಲ್ಲ, ಡಚ್ಚರ ಹೆಸರನ್ನೂ ಎತ್ತಲಿಲ್ಲ.

"ಬಸ್ರೂರು ಅಂತ ಒಂದು ಊರಿದೆ," ಎಂದು ಶುರುಮಾಡಿದರು. "ಇಂಥ ಫಿರಂಗಿಗಳ ಗುಂಡುಗಳು ಬೀಳುವಾಗ ನಮ್ಮವರು ಅಲ್ಲಿ ದಡದ ಮೇಲೆ ನಿಂತಿದ್ದರು."