ಗರಗಸ ನಿಲ್ಲಿಸಿದ ಮೇಸ್ತ್ರಿ

ಐವತ್ತರ ದಶಕದ ಕೊನೆಯಲ್ಲಿ ಸೊರಬದ ಮರ ಕೊಯ್ಯುವ ಮಿಲ್ಲಿನಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿಯ ಮೇಸ್ತ್ರಿ ಬೆಳಿಗ್ಗೆ ಎಂಜಿನ್ ಶುರುಮಾಡುವ ಮೊದಲು ಒಬ್ಬೊಬ್ಬರ ಭುಜದ ಮೇಲೂ ಕೈಯಿಟ್ಟು, "ರಾತ್ರಿ ನಿದ್ದೆ ಬಂತೇನೋ ತಮ್ಮಾ?" ಎಂದು ಕೇಳುತ್ತಿದ್ದರು. ನಾವು ಒಳಗೊಳಗೇ ನಗುತ್ತಿದ್ದೆವು.

ನನ್ನ ಎರಡು ವರ್ಷದ ಮಗಳು ಜ್ವರದಿಂದ ತೀರಿಕೊಂಡ ಐದನೆಯ ದಿನ ಕೆಲಸಕ್ಕೆ ಹೋದೆ. ವಿಷಯ ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿ ಎಂದಿನಂತೆ ಕೇಳಿದಾಗ "ಹೂಂ" ಎಂದೆ. ಆಮೇಲೆ ಗರಗಸಕ್ಕೆ ತಳ್ಳುತ್ತಿದ್ದ ದಿಮ್ಮಿ ಮುಗಿದದ್ದೇ ನನಗೆ ತಿಳಿಯಲಿಲ್ಲ. ಕೈ ಹಾಗೇ ಮುಂದೆ ಹೋಗುತ್ತಿತ್ತು. ಮೇಸ್ತ್ರಿ ಹಿಂದಿನಿಂದ ನನ್ನ ರಟ್ಟೆ ಹಿಡಿದು ಎಳೆದರು. ಎಂಜಿನ್ ನಿಲ್ಲಿಸಿದರು.

ಸದ್ದು ನಿಂತದ್ದು ಕೇಳಿ ಮಿಲ್ಲಿನ ಸಾಹುಕಾರರು ಹೊರಗೆ ಬಂದರು. "ಯಾಕ್ರೀ ನಿಲ್ಸಿದ್ರಿ?"

"ಇವನ ಮನಸ್ಸು ಇಲ್ಲಿಲ್ಲ ರೀ. ಇವತ್ತು ಇವನನ್ನ ಗರಗಸದ ಹತ್ರ ಬಿಡೋದಾದ್ರೆ ನಾಳೆಯಿಂದ ನಾನು ಬರಲ್ಲ."

ಸಾಹುಕಾರರು ನನ್ನ ಮುಖ ನೋಡಿ ಒಳಗೆ ಹೋದರು.

ಮೇಸ್ತ್ರಿ ನನ್ನನ್ನು ಹಲಗೆಗಳ ಮೇಲೆ ಕೂರಿಸಿ ಪಕ್ಕದಲ್ಲೇ ಕೂತರು. "ಮಗೂಗೆ ಏನಂತ ಹೆಸರಿಟ್ಟಿದ್ದೆ?" ಎಂದು ಕೇಳಿದರು.

ಆ ಐದು ದಿನ ಮನೆಯಲ್ಲಿ ಯಾರೂ ಅವಳ ಹೆಸರೆತ್ತಿರಲಿಲ್ಲ. ಹೇಳಹೋದೆ, ಅಳು ಬಂತು. ಅಳಬೇಡ ಎಂದು ಅವರು ಅನ್ನಲಿಲ್ಲ. ನಾನು ಆ ಹೆಸರನ್ನು ಪೂರ್ತಿ ಹೇಳುವವರೆಗೂ ಕಾದು ಕೂತರು.